ಮೂಡಿಗೆರೆಯಿಂದ ಜೌಗಿನ ಅಗೆತಕ್ಕೆ: ವೀಸಾ, ಬೂಟು ಮತ್ತು ಮೂರು ಸಾವಿರ ವರ್ಷದ ಸಂಕ

ಇಂಗ್ಲೆಂಡಿಗೆ ಹೋಗಿ ಏನು ನೋಡಿದಿರಿ ಟೀಚರ್ ಅಂತ ಸಿಕ್ಕವರೆಲ್ಲ ಕೇಳುತ್ತಿದ್ದಾರೆ. ಕೆಸರು ಅಂದರೆ ನಗುತ್ತಾರೆ. ಕೆಸರು ನೋಡೋಕೆ ಅಷ್ಟು ದೂರ ಯಾಕೆ, ನಮ್ಮ ಗದ್ದೆಯಲ್ಲೇ ಬಿಟ್ಟಿ ಸಿಗುತ್ತಿತ್ತಲ್ಲ ಅಂತ ನಮ್ಮನೆಯವರ ತಮಾಷೆ. ಆದರೆ ನಾನು ನೋಡಿದ್ದು ನಿಜಕ್ಕೂ ಕೆಸರೇ. ಕೆಸರು, ಮತ್ತೆ ಅದರೊಳಗೆ ಸುಮಾರು ಮೂರು ಸಾವಿರ ವರ್ಷದಿಂದ ನಿಂತಿದ್ದ ಮರದ ಕಂಬಗಳು. ಅಲ್ಲಿಗೆ ತಲುಪುವ ಹೊತ್ತಿಗೆ ಐದು ತಿಂಗಳು ಆಗಿತ್ತು. ನನ್ನ ಹಾಗೆ ಮಕ್ಕಳನ್ನು ನೋಡೋಕೆ ಹೊರಟವರು, ಅದರ ಜೊತೆಗೆ ಹಳೇ ಕಾಲದ ಹುಚ್ಚು ಇರುವವರು ಯಾರಾದರೂ ಇದ್ದರೆ, ನಾನು ಬಿದ್ದ ಗುಂಡಿಗೆ ನೀವು ಬೀಳದಿರಲಿ ಅಂತ ಎಲ್ಲ ಬರೆಯುತ್ತಿದ್ದೇನೆ.

ನಾನು ಮೂಡಿಗೆರೆ ತಾಲ್ಲೂಕಿನವಳು. ಹೈಸ್ಕೂಲಿನಲ್ಲಿ 32 ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದೆ. ಮಗಳು ಕೇಂಬ್ರಿಜ್‌ನಲ್ಲಿ ಕೆಲಸಕ್ಕಿದ್ದಾಳೆ. ಫೆಬ್ರುವರಿಯಲ್ಲಿ ಒಂದು ದಿನ ಫೋನ್ ಮಾಡಿ ಹೇಳಿದಳು. ಅವಳ ಊರಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ಚಿಲ್ಲರೆ ದೂರದ ಪೀಟರ್‌ಬರೋ ಕಡೆ ಒಂದು ಜಲ್ಲಿ ಕ್ವಾರಿಯ ಜಾಗದಲ್ಲಿ ಪುರಾತತ್ವದವರು ಅಗೆಯುವಾಗ ಕಂಚಿನ ಯುಗದ ಮರದ ಕೆಲಸ ಸಿಕ್ಕಿದೆ, ಬೇಸಿಗೆಯಲ್ಲಿ ಎರಡು ಮೂರು ಶನಿವಾರ ಹೊರಗಿನವರಿಗೂ ತೋರಿಸುತ್ತಾರಂತೆ.

"ಅಮ್ಮ, ಇಷ್ಟು ವರ್ಷ ಶಿಲಾಯುಗ, ಕಂಚಿನ ಯುಗ ಅಂತ ಪಾಠ ಮಾಡಿದೀಯ. ಒಂದು ಅಗೆತದ ಗುಂಡಿನಾದರೂ ಕಣ್ಣಾರೆ ನೋಡಿದೀಯಾ?"

ನೋಡಿರಲಿಲ್ಲ. ನಮ್ಮದೇ ಜಿಲ್ಲೆಯ ಲಿಂಗದಹಳ್ಳಿಯಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಸಿಕ್ಕಿವೆ ಅಂತ ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ಒಂದು ಸಲವೂ ಬಸ್ಸು ಹತ್ತಿ ಹೋಗಿ ನೋಡಲಿಲ್ಲ. ಮಗಳ ಮಾತು ಚುಚ್ಚಿತು.

ಜುಲೈ ಅಂದರೆ ನಮ್ಮಲ್ಲಿ ನಾಟಿ. ನಮ್ಮನೆಯವರು ತೋಟ, ಗದ್ದೆ, 88 ವರ್ಷದ ಅತ್ತೆಯನ್ನು ಬಿಟ್ಟು ಬರುವ ಹಾಗಿಲ್ಲ. ನಾನೊಬ್ಬಳೇ ಹೊರಡುವುದು ಅಂತ ಆಯಿತು. ಪಾಸ್‌ಪೋರ್ಟ್ ಮೊದಲೇ ಮಾಡಿಸಿಟ್ಟಿದ್ದೆ, ಅದೊಂದು ಪುಣ್ಯ.

ಮೊದಲ ತೊಡಕು ಹೆಸರಿನದ್ದು. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿದೆ. ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಪೆನ್ಷನ್ ಕಾಗದದಲ್ಲಿ ಗಂಡನ ಹೆಸರು ಹಿಂದೆ ಸೇರಿಕೊಂಡಿದೆ. ಆಧಾರಿನಲ್ಲಿ ಇನ್ನೊಂದು ಬಗೆ. ಒಬ್ಬಳು ಹೆಂಗಸು, ನಾಲ್ಕು ಹೆಸರು. ಚಿಕ್ಕಮಗಳೂರಿಗೆ ಹೋಗಿ ನೋಟರಿ ಹತ್ತಿರ ಈ ನಾಲ್ಕೂ ಜನ ನಾನೇ ಅಂತ ಅಫಿಡವಿಟ್ ಮಾಡಿಸಿದೆ. ಇಂಗ್ಲಿಷಿನಲ್ಲೇ ಮಾಡಿಸಿ. ನಾನು ಮೊದಲು ಕನ್ನಡದಲ್ಲಿ ಮಾಡಿಸಿ, ಆಮೇಲೆ ತಲೆ ಚಚ್ಚಿಕೊಂಡು ಎರಡನೇ ಸಲ ಹೋದೆ.

ಯಾಕೆ ಅಂದರೆ ಬ್ರಿಟನ್ ವೀಸಾಕ್ಕೆ ಕೊಡುವ ಕಾಗದ ಇಂಗ್ಲಿಷಿನಲ್ಲೋ ವೆಲ್ಷ್ ಭಾಷೆಯಲ್ಲೋ ಇರಬೇಕು. ಇಲ್ಲದಿದ್ದರೆ ಪೂರ್ತಿ ಅನುವಾದ ಜೊತೆಗಿರಬೇಕು. ಅನುವಾದ ಮಾಡಿದವರು ಇದು ಸರಿಯಾದ ಅನುವಾದ ಅಂತ ಬರೆದು, ತಾರೀಕು, ಪೂರ್ತಿ ಹೆಸರು, ಸಹಿ, ವಿಳಾಸ, ಫೋನ್ ನಂಬರ್ ಕೊಡಬೇಕು. ಊರಿಗೆ ವಾಪಸ್ ಬರೋಕೆ ನಿಮಗೆ ಕಾರಣ ಇದೆ ಅಂತ ತೋರಿಸಬೇಕಲ್ಲ, ಅದಕ್ಕೆ ಪಹಣಿ ಹಾಕೋಣ ಅಂದರು ಪಕ್ಕದ ತೋಟದವರು. ನಾಲ್ಕು ಸರ್ವೆ ನಂಬರಿನ ಪಹಣಿ ತೆಗೆಸಿದೆ. ಪುಟಕ್ಕೆ 500 ರೂಪಾಯಿ ಕೊಟ್ಟು ಅನುವಾದ ಮಾಡಿಸಿದೆ. ಬಂದಮೇಲೆ ಮಗಳು ಓದಿ ಕೇಳಿದಳು:

"ಅಮ್ಮ, ಇದರಲ್ಲಿ ತಾತನ ಹೆಸರು ಇದೆಯಲ್ಲ?"

ಮಾವ ತೀರಿಕೊಂಡು 14 ವರ್ಷ. ಅವರ ಜಮೀನು ಮಕ್ಕಳ ಹೆಸರಿಗೆ ಆಗುವ ಪೌತಿ ಖಾತೆ ಇನ್ನೂ ಆಗಿಲ್ಲ. ಅಣ್ಣತಮ್ಮಂದಿರ ನಡುವೆ ಸಣ್ಣ ಮಾತು ಬಾಕಿ, ಅದು ಎಲ್ಲರ ಮನೆಯಲ್ಲೂ ಇರುವಂಥದ್ದೇ. ಲಂಡನ್ನಿನ ಅಧಿಕಾರಿಗೆ ಪೌತಿ ಖಾತೆ ಅಂದರೇನು ಅಂತ ವಿವರಿಸುವ ಧೈರ್ಯ ನನಗಿರಲಿಲ್ಲ. ಪಹಣಿ ಕೈಬಿಟ್ಟೆ. ಖರ್ಚು ಮಾಡಿದ ದುಡ್ಡು ನೀರಿಗೆ ಹೋಯಿತು. ಪೆನ್ಷನ್ ಬರುವವರು ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಪೆನ್ಷನ್ ಆದೇಶದ ಪ್ರತಿ, ಅದು ತಿಂಗಳು ತಿಂಗಳು ಜಮಾ ಆಗುತ್ತಿರುವ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಸಾಕು.

ಸ್ಟೇಟ್‌ಮೆಂಟಿನಲ್ಲೂ ಒಂದು ತಮಾಷೆ ಇತ್ತು. ರೊಬಸ್ಟಾ ಕಾಫಿ ಮಾರಿದ ದುಡ್ಡು ಮಾರ್ಚಿನಲ್ಲಿ ಒಟ್ಟಿಗೆ ನಮ್ಮ ಜಂಟಿ ಖಾತೆಗೆ ಬಿದ್ದಿತ್ತು. ನಮಗೆ ಅದು ವರ್ಷದ ಬೆಳೆ. ನೋಡುವವರಿಗೆ ವೀಸಾಕ್ಕೆ ಅಂತ ಯಾರೋ ತಂದು ಹಾಕಿದ ಸಾಲದ ದುಡ್ಡಿನ ಹಾಗೆ ಕಾಣುತ್ತದೆ. ಹಾಗಾಗಿ ಕಾಫಿ ಮಾರಿದ ಬಿಲ್ಲುಗಳನ್ನು ಸೇರಿಸಿ, ಕಾಫಿ ನಮ್ಮಲ್ಲಿ ವರ್ಷಕ್ಕೊಮ್ಮೆ ಮಾರುವುದು, ತಿಂಗಳ ಸಂಬಳದ ಹಾಗಲ್ಲ ಅಂತ ಅರ್ಧ ಪುಟದ ಪತ್ರ ಬರೆದೆ. ತೋಟದವರು ಯಾರೇ ಅರ್ಜಿ ಹಾಕಿ, ಈ ಪತ್ರ ಮರೆಯಬೇಡಿ.

ಇದೆಲ್ಲ ಮಾಡುವಾಗ ತಡ ಆಗಿ 12 ಪೌಂಡ್ ದಂಡ ತೆತ್ತೆ. ಆರು ತಿಂಗಳ ವಿಸಿಟರ್ ವೀಸಾಕ್ಕೆ 115 ಪೌಂಡ್ ಇತ್ತು. 2025ರ ಏಪ್ರಿಲ್ 9ರಿಂದ 127 ಆಯಿತು. ನಾನು ಅರ್ಜಿ ಕಳಿಸಿದ್ದು ಏಪ್ರಿಲ್ 14ಕ್ಕೆ. ರೂಪಾಯಿ ಲೆಕ್ಕದಲ್ಲಿ 15 ಸಾವಿರದ ಹತ್ತಿರ. ಆರು ತಿಂಗಳ ಒಳಗಿನ ಭೇಟಿಗೆ ಕ್ಷಯದ ತಪಾಸಣೆ ಬೇಡ. ಅದು ಬೇಕೇ ಬೇಕು ಅಂತ ಹೆದರಿಸಿದವರು ನಮ್ಮ ಕಡೆ ಮೂರು ಜನ ಇದ್ದರು. ಅದಕ್ಕೆ ಹೇಳಿದೆ.

ಬೆರಳಚ್ಚು ಕೊಡೋಕೆ ಬೆಂಗಳೂರು. ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದೆ. ಅಪಾಯಿಂಟ್‌ಮೆಂಟ್ ಹತ್ತೂವರೆಗೆ. ಕಾಯುವುದು ಒಂದೂವರೆ ಗಂಟೆ, ಕೆಲಸ ಹತ್ತು ನಿಮಿಷದ್ದು. ಆದರೆ ನನ್ನ ಬೆರಳು ಯಂತ್ರಕ್ಕೆ ಕಾಣಲೇ ಇಲ್ಲ. ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ಸವೆದು ಹೋಗಿವೆ. ಅಡಿಕೆ ಸುಲಿದ ಕೈ, ಬೋರ್ಡಿನ ಮೇಲೆ ಸೀಮೆಸುಣ್ಣ ಹಿಡಿದ ಕೈ. ಆ ಹುಡುಗಿ ಒದ್ದೆ ಬಟ್ಟೆ ಕೊಟ್ಟಳು, ಒತ್ತಿ ನೋಡಿದಳು, ಮತ್ತೆ ಒತ್ತಿದಳು. ಆರನೇ ಸಲಕ್ಕೆ ಬಿತ್ತು. ವಯಸ್ಸಾದವರು ಒಂದು ವಾರ ಮುಂಚಿನಿಂದ ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಅಲ್ಲಿಗೆ ಹೋಗುವ ಬೆಳಿಗ್ಗೆ ಮಾತ್ರ ಹಚ್ಚಬೇಡಿ.

ಮೂರು ವಾರದಲ್ಲಿ ತೀರ್ಮಾನ ಅಂತ ಹೇಳುತ್ತಾರೆ. ನನಗೆ ನಾಲ್ಕನೇ ವಾರ ಮುಗಿಯುತ್ತಾ ಬಂದಿತ್ತು. ಆ ದಿನಗಳಲ್ಲಿ ಫೋನ್ ಟಣ್ ಅಂದರೆ ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಮೂಲೆಯಲ್ಲಿ, ಹಲಸಿನ ಮರದ ಕೆಳಗೆ. ಮಳೆ ಶುರುವಾಗಿತ್ತು. ಕೊಡೆ ಹಿಡಿದು ದಿನಾ ನಾಲ್ಕು ಸಲ ಹಲಸಿನ ಮರಕ್ಕೆ ಪ್ರದಕ್ಷಿಣೆ. ಅತ್ತೆ ನೋಡಿ, "ಏನೇ ಇದು, ಹಲಸಿನ ಮರಕ್ಕೆ ಹರಕೆ ಹೊತ್ತಿದೀಯಾ?" ಅಂದರು. ಕೊನೆಗೆ ಕೊರಿಯರ್ ಹುಡುಗ ಫೋನ್ ಮಾಡಿ ಲೊಕೇಶನ್ ಕಳಿಸಿ ಅಂದ. ಲೊಕೇಶನ್ ಹೋಗಲಿಲ್ಲ. ನಮ್ಮನೆಯವರು ಜೀಪಿನಲ್ಲಿ ಹೋಗಿ ಪೇಟೆಯಲ್ಲೇ ತಂದರು. ವೀಸಾ ಸಿಕ್ಕಿತ್ತು.

ಟಿಕೆಟ್ ಹೋಗಿಬರಲು 82 ಸಾವಿರ ಆಯಿತು. ಜುಲೈ ಅವರಿಗೆ ರಜೆ ಕಾಲ, ದರ ಜಾಸ್ತಿ. ಪ್ರಯಾಣದ ವಿಮೆ ಬೇರೆ. ವೀಸಾ ಬರುವ ಮುಂಚೆ ಟಿಕೆಟ್ ಮಾಡಬೇಡಿ ಅಂತ ಎಲ್ಲ ಕಡೆ ಬರೆದಿರುತ್ತದೆ. ಅದನ್ನು ಕೇಳಿದ್ದಕ್ಕೆ ನಾನು ರಾತ್ರಿ ನಿದ್ದೆ ಮಾಡಿದೆ.

ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ನಾನೇ ತಂದುಕೊಂಡ ಪೇಚು ಒಂದಿದೆ. ಕೌಂಟರಿನವರು ಯಾಕೆ ಬಂದಿರಿ ಅಂದರು. ಮಗಳನ್ನು ನೋಡೋಕೆ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಟೀಚರ್ ಬುದ್ಧಿ, ಪೂರ್ತಿ ಉತ್ತರ ಕೊಡಬೇಕು. "ಆ್ಯಂಡ್ ಫಾರ್ ಡಿಗ್ಗಿಂಗ್" ಅಂದುಬಿಟ್ಟೆ. ಅವರ ಹುಬ್ಬು ಮೇಲೆ ಹೋಯಿತು. ಎಲ್ಲಿ ಅಗೆಯುತ್ತೀರಿ, ಯಾರು ದುಡ್ಡು ಕೊಡುತ್ತಾರೆ, ಎಷ್ಟು ದಿನ? ಹತ್ತು ನಿಮಿಷ ಬೆವರಿದೆ. ಬುಕಿಂಗ್ ಮೇಲ್ ತೋರಿಸಿ, ಅಗೆಯುವವರು ಬೇರೆ, ನಾನು ಬರೀ ನಿಂತು ನೋಡುವವಳು ಅಂತ ಒಪ್ಪಿಸಬೇಕಾಯಿತು. ನೋಡೋಕೆ ಅಂತಲೇ ಹೇಳಿ. ವಿಸಿಟರ್ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ.

ಇನ್ನು ಬುಕಿಂಗ್ ವಿಷಯ. ಜಾಗದ ಹೆಸರು ನಾನು ಬರೆಯುತ್ತಿಲ್ಲ. ಅಲ್ಲಿನವರೇ ಕೇಳಿಕೊಂಡಿದ್ದಾರೆ. ರಾತ್ರಿ ಹೊತ್ತು ಲೋಹ ಹುಡುಕುವ ಯಂತ್ರ ಹಿಡಿದು ಬಂದು ಗುಂಡಿ ತೋಡಿ ಕದಿಯುವವರು ಅಲ್ಲೂ ಇದ್ದಾರಂತೆ. ನಮ್ಮಲ್ಲಿ ನಿಧಿ ಆಸೆಗೆ ಗುಡಿಯ ಕಲ್ಲು ಕೀಳುವವರು ಇಲ್ವಾ, ಹಾಗೆ. ಒಂದು ತಂಡಕ್ಕೆ 12 ಜನ. ದುಡ್ಡಿಲ್ಲ. ಆದರೆ ಹೆಸರು, ಫೋನ್, ಬೂಟಿನ ಅಳತೆ ಮೊದಲೇ ಕಳಿಸಬೇಕು.

ಜುಲೈ ಎರಡನೇ ಶನಿವಾರ ನಮ್ಮ ಸರದಿ. ಶುಕ್ರವಾರ ರಾತ್ರಿ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿ ಇಟ್ಟಾಗಿದೆ, ಒಂಬತ್ತು ಗಂಟೆಗೆ ಮೇಲ್ ಬಂತು. ಮಳೆ ಬಂದಿದೆ, ಪಂಪ್ ಕೈಕೊಟ್ಟಿದೆ, ಗುಂಡಿಗೆ ನೀರು ನುಗ್ಗಿದೆ, ನಾಳೆ ಯಾರೂ ಬರಬೇಡಿ. ಕಡಿಮೆ ದರಕ್ಕೆ ಅಂತ ಮುಂಗಡವಾಗಿ ತೆಗೆದಿದ್ದ ರೈಲು ಟಿಕೆಟ್ ವಾಪಸ್ ಆಗುವುದಿಲ್ಲ. ಇಬ್ಬರದ್ದು ಸೇರಿ 40 ಪೌಂಡಿಗೆ ಹತ್ತಿರ ಹೋಯಿತು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಎಷ್ಟು ಮಳೆ ಅಂತ ಕೇಳಿದರೆ, ನಮ್ಮೂರಿನಲ್ಲಿ ಅದನ್ನು ಮಳೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಲ್ಲ ಅಡ್ಡಿ ದಾಟಿ ಬಂದವಳಿಗೆ ಒಂದು ಸೋನೆ ಮಳೆ ಅಡ್ಡ ಬಂತಲ್ಲ ಅಂತ ಹೊಟ್ಟೆ ಉರಿಯಿತು. ಚಿತ್ರಾನ್ನವನ್ನು ಮರುದಿನ ಮನೆಯಲ್ಲೇ ಕೂತು ತಿಂದೆವು.

ಅದೃಷ್ಟಕ್ಕೆ ಮುಂದಿನ ಶನಿವಾರ ಜಾಗ ಕೊಟ್ಟರು. ಆ ವಾರದಲ್ಲಿ ಬಟ್ಟೆಯ ರಾಮಾಯಣ. ಕ್ವಾರಿ ಜಾಗವಾದ್ದರಿಂದ ಹೆಲ್ಮೆಟ್, ಹೊಳೆಯುವ ಜಾಕೆಟ್, ಮುಂದುಗಡೆ ಉಕ್ಕು ಇರುವ ಬೂಟು, ಉದ್ದ ಪ್ಯಾಂಟು ಕಡ್ಡಾಯ. ಸಡಿಲ ಬಟ್ಟೆ ಕೂಡದು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಗದ್ದೆಗೆ ಇಳಿದವಳು ನಾನು, ನನಗೆ ಕೆಸರಿನ ಪಾಠವಾ ಅಂದೆ. ಮಗಳು ಸುಮ್ನೆ ಅವಳ ಟ್ರ್ಯಾಕ್ ಪ್ಯಾಂಟ್ ಕೊಟ್ಟಳು. 61ನೇ ವಯಸ್ಸಿಗೆ ಮೊದಲ ಸಲ ಪ್ಯಾಂಟು ಹಾಕಿದೆ. ಬೂಟು ಮಾತ್ರ ಅವರಲ್ಲಿ ನನ್ನ ಅಳತೆಯದ್ದು ಇರಲಿಲ್ಲ. ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿ ದೊಡ್ಡದನ್ನೇ ಹಾಕಿಕೊಂಡೆ. ಸಣ್ಣ ಪಾದದವರು ಕಾಲುಚೀಲ ಒಯ್ಯಿರಿ. ಶೌಚಾಲಯ ಒಂದೇ, ಪ್ಲಾಸ್ಟಿಕ್ ಡಬ್ಬಿಯಂಥದ್ದು, ಅದೂ ದೂರ. ರೈಲ್ವೆ ಸ್ಟೇಷನ್ನಿನಲ್ಲೇ ಮುಗಿಸಿಕೊಂಡು ಹೋಗಿ. ಸ್ಟೇಷನ್ನಿನಿಂದ ಬಸ್ಸು ಇಲ್ಲ, ಟ್ಯಾಕ್ಸಿಗೆ 18 ಪೌಂಡ್ ಕೊಟ್ಟೆವು.

ಆ ಸೀಮೆಗೆ ಫೆನ್ ಅನ್ನುತ್ತಾರೆ. ಒಂದು ಗುಡ್ಡ ಇಲ್ಲ. ಕಣ್ಣು ಹಾಯುವಷ್ಟು ಚಪ್ಪಟೆ. ಮಲೆನಾಡಿನ ಕಣ್ಣಿಗೆ ಆಸರೆಯೇ ಸಿಗುವುದಿಲ್ಲ, ತಲೆ ತಿರುಗಿದ ಹಾಗಾಗುತ್ತದೆ. ಮೊದಲು ಇದೆಲ್ಲ ಜೌಗು. ಜೊಂಡು, ಕೆರೆ, ಮೀನು, ಹಕ್ಕಿ. ನಾಲ್ಕು ನೂರು ವರ್ಷದ ಹಿಂದಿನಿಂದ ಕಾಲುವೆ ತೋಡಿ ನೀರು ಹೊರಗೆ ಹಾಕಿ ಹೊಲ ಮಾಡಿದರು. ಮಣ್ಣು ಕಾಡಿಗೆಯ ಹಾಗೆ ಕಪ್ಪು. ಪೀಟ್ ಅಂತ ಅದರ ಹೆಸರು. ಜೊಂಡು, ಪಾಚಿ, ಬೇರು ಸತ್ತು ನೀರಿನಡಿ ಪೂರ್ತಿ ಕೊಳೆಯದೆ ಪದರ ಪದರ ಕೂತು ಆದದ್ದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದಂತೆ.

ಗುಂಡಿಯ ಅಂಚಿಗೆ ಬಂದಾಗ ಮೊದಲು ಗೊತ್ತಾದದ್ದು ವಾಸನೆ. ಬೇಸಿಗೆಯಲ್ಲಿ ಕೆರೆ ಬತ್ತಿ, ತಳದ ಎಲೆ ಗೋಡು ಬಿಸಿಲಿಗೆ ಬಿದ್ದಾಗ ಬರುತ್ತಲ್ಲ, ಅದೇ. ಪಂಪು ಗುರ್ ಅನ್ನುತ್ತಿತ್ತು. ಕೆಳಗೆ ಕಪ್ಪು ನೆಲ, ಅದರಲ್ಲಿ ಸಾಲಾಗಿ ಮೊಂಡು ಗೂಟಗಳು. ನಿಜ ಹೇಳಬೇಕೆಂದರೆ ಮೊದಲ ನೋಟಕ್ಕೆ ನಿರಾಸೆ ಆಯಿತು. ನಮ್ಮ ಬೇಲಿ ಮುರಿದು ಬಿದ್ದ ಹಾಗಿತ್ತು. ಸುತ್ತ ಅಡ್ಡಡ್ಡ ಹಲಗೆ, ಕೊಂಬೆ. ಅರ್ಧಕ್ಕರ್ಧ ಒದ್ದೆ ಸ್ಪಂಜು ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದ್ದರು. ಒಬ್ಬ ಹುಡುಗ ಔಷಧಿ ಹೊಡೆಯುವ ಕ್ಯಾನ್ ಬೆನ್ನಿಗೆ ಹಾಕಿ ನೀರು ಚಿಮುಕಿಸುತ್ತಲೇ ಇದ್ದ. ತೋಟಕ್ಕೆ ಬೋರ್ಡೋ ಹೊಡೆಯುವ ಕ್ಯಾನೇ ಅದು!

ತೋರಿಸಲು ಬಂದ ಹೆಣ್ಣುಮಗಳಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಮೊಣಕಾಲವರೆಗೂ ಕಪ್ಪು. ಅವಳು ನಿಧಾನವಾಗಿ ವಿವರಿಸಿದಳು. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದೆ ಮರ ತಿನ್ನುವ ಬೂಷ್ಟು, ಹುಳ ಬದುಕುವುದಿಲ್ಲ. ಹಾಗಾಗಿ ಬೇರೆ ಕಡೆ ಐವತ್ತು ವರ್ಷಕ್ಕೆ ಮಣ್ಣಾಗುವ ಮರ ಇಲ್ಲಿ ಮೂರು ಸಾವಿರ ವರ್ಷ ಉಳಿದಿದೆ. ಆದರೆ ಒಳಗಿನ ಸತ್ವ ಹೋಗಿ ಆ ಜಾಗಕ್ಕೆ ನೀರು ಸೇರಿರುತ್ತದೆ. ಒಣಗಿದರೆ ಕುಗ್ಗಿ, ಸೀಳಿ, ಪುಡಿಯಾಗುತ್ತದೆ. ಅದಕ್ಕೇ ಆ ಕ್ಯಾನು, ಆ ಸ್ಪಂಜು. ಅದಕ್ಕೇ ಎರಡು ಮೂರೇ ಶನಿವಾರ. ತೆರೆದ ದಿನದಿಂದ ಗಡಿಯಾರ ಓಡುತ್ತಿರುತ್ತದೆ. ಬಿಡಿಸಿ, ನಕ್ಷೆ ಬರೆದು, ಫೋಟೋ ತೆಗೆದು, ಎತ್ತಿ ನೀರಿನ ತೊಟ್ಟಿಗೆ ಹಾಕಬೇಕು. ಆಮೇಲೆ ಆಯ್ದ ಮರಗಳಿಗೆ ನೀರಿನ ಜಾಗಕ್ಕೆ ಒಂದು ಬಗೆಯ ಮೇಣ ಇಳಿಸುತ್ತಾರೆ, ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಗಟ್ಟಲೆ. ಹಿಂದಿನ ವಾರ ನನಗೆ ಬಂದ ಸಿಟ್ಟು ಆಗ ಇಳಿಯಿತು. ಅವತ್ತು ನೀರು ನುಗ್ಗಿದ್ದು ಮರಕ್ಕೆ ತೊಂದರೆಯೇ ಅಲ್ಲವಂತೆ. ತೊಂದರೆ ಆಗಿದ್ದು ನಮಗೆ ಮಾತ್ರ.

ಅಗೆಯುವವರ ಕೈಯಲ್ಲಿ ಕರಣೆ ಇರಲಿಲ್ಲ. ಮರದ ಹತ್ತಿರ ಬಂದಮೇಲೆ ಕಬ್ಬಿಣ ತಾಗಿಸುವುದಿಲ್ಲ. ಮರದ, ಪ್ಲಾಸ್ಟಿಕ್ಕಿನ ಚಮಚೆಯಂಥ ಉಪಕರಣ, ಇಲ್ಲಾ ಬರೀ ಬೆರಳು. ನೆಲದ ಮೇಲೆ ಕಾಲಿಡದೆ ಹಲಗೆ ಹಾಸಿ ಅದರ ಮೇಲೆ ಬೋರಲು ಮಲಗಿ ಕೆಲಸ. ಒಬ್ಬಳು ಒಂದು ಚಕ್ಕೆಯನ್ನು ತಟ್ಟೆಯಲ್ಲಿ ತಂದು ತೋರಿಸಿದಳು. ಮುಟ್ಟಬಹುದು ಅಂದಳು. ಬೆಂದ ಸುವರ್ಣಗಡ್ಡೆಯ ಹಾಗೆ ಮೆತ್ತಗೆ. ಅದರ ಮೈಮೇಲೆ ಕೊಡಲಿ ಬಿದ್ದ ಗುರುತು, ಸ್ಪಷ್ಟವಾಗಿ, ನಿನ್ನೆ ಕಡಿದ ಹಾಗೆ. ಕೊಡಲಿಯ ಬಾಯಿಯಲ್ಲಿದ್ದ ಸಣ್ಣ ಮುಕ್ಕಿನ ಗೀರು ಕೂಡ ಮೂಡಿತ್ತು. ಯಾರದ್ದೋ ಕೊಡಲಿ ಮುಕ್ಕಾಗಿತ್ತು, ಮಸೆಯದೆ ಹಾಗೇ ಕಡಿದಿದ್ದಾನೆ. ನಮ್ಮ ಮನೆಯ ಕತ್ತಿಯೂ ಹಾಗೇ ಇದೆ. ಒಂದು ಕಂಬದ ಮೇಲೆ ತೊಗಟೆ ಇತ್ತು. ನನಗೆ ಮೈ ಜುಮ್ ಅಂದಿದ್ದು ಆಗ. ಬೇಲೂರು ದೇವಸ್ಥಾನ 1117ರದ್ದು, ಅದನ್ನೇ ನಾವು ಎಷ್ಟು ಹಳೆಯದು ಅನ್ನುತ್ತೇವೆ. ಅದಕ್ಕಿಂತ ಎರಡು ಸಾವಿರ ವರ್ಷದಷ್ಟು ಹಿಂದೆ ಕಡಿದ ಮರದ ತೊಗಟೆ ನನ್ನ ಮುಂದೆ ಇತ್ತು.

"ಇದು ಏನಿರಬಹುದು ಅನಿಸುತ್ತದೆ?" ಅಂತ ತೋರಿಸುವವಳು ತಂಡವನ್ನು ಕೇಳಿದಳು. ಬೇಲಿ, ಕೋಟೆ, ಮೀನಿನ ಬಲೆ ಅಂತೆಲ್ಲ ಹೇಳಿದರು. ನಾನು ಮಗಳ ಕಿವಿಯಲ್ಲಿ, "ಸಂಕ ಅಲ್ವೇನೇ?" ಅಂದೆ. ಮಗಳು ಅದನ್ನು ಗಟ್ಟಿಯಾಗಿ ಹೇಳಿದಳು. ಸಂಕ ಅಂದರೆ ನಮ್ಮಲ್ಲಿ ಹಳ್ಳ ದಾಟೋಕೆ ಹಾಕುವ ಮರದ ಕಾಲುಸೇತುವೆ. ಇದು ಜೌಗು ದಾಟೋಕೆ ಹಾಕಿದ ಕಾಲುದಾರಿ. ಹೌದು, ಅವರ ಅಂದಾಜೂ ಅದೇ. ನಿಮಗೆ ಹೇಗೆ ಗೊತ್ತಾಯಿತು ಅಂದಳು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋದವರಿಗೆ ಇದು ಯಾರೂ ಹೇಳಿಕೊಡಬೇಕಿಲ್ಲ. ಕಂಬ ನೆಟ್ಟು, ಮೇಲೆ ಅಡಿಕೆ ಮರ ಸೀಳಿ ಹಾಕುತ್ತೇವೆ, ಜಾರಬಾರದು ಅಂತ ಅಡ್ಡ ಪಟ್ಟಿ ಹೊಡೆಯುತ್ತೇವೆ ಅಂತ ಕೈಸನ್ನೆ ಮಾಡಿ ಹೇಳಿದೆ. ಅವಳು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡಳು. ಸಂಕ ಅನ್ನುವ ಪದವನ್ನು ಎರಡು ಸಲ ಹೇಳಿಸಿಕೊಂಡಳು. ಮೂವತ್ತೆರಡು ವರ್ಷದ ನೌಕರಿಯಲ್ಲಿ ನನ್ನ ಪಾಠವನ್ನು ಯಾರೂ ಅಷ್ಟು ಆಸೆಯಿಂದ ಬರೆದುಕೊಂಡಿರಲಿಲ್ಲ.

ಒಟ್ಟು ಒಂದು ಗಂಟೆ ಹತ್ತು ನಿಮಿಷ. ಅಷ್ಟೇ. ಫೋಟೋಗೆ ಅಡ್ಡಿ ಇಲ್ಲ, ಆದರೆ ಹಿನ್ನೆಲೆಯಲ್ಲಿ ಜಾಗ ಗುರುತು ಸಿಗುವ ಹಾಗೆ ಹಾಕಬೇಡಿ ಅಂದರು.

ಅಗೆತದ ಸರದಿ ಸಿಗದವರಿಗೆ ಇನ್ನೊಂದು ದಾರಿ ಇದೆ. ಪೀಟರ್‌ಬರೋ ಪೇಟೆಯ ಪೂರ್ವಕ್ಕೆ ಫ್ಲ್ಯಾಗ್ ಫೆನ್ ಅಂತ ಜಾಗ. ನಾವು ಇನ್ನೊಂದು ದಿನ ಅಲ್ಲಿಗೆ ಹೋದೆವು. 1982ರಲ್ಲಿ ಫ್ರಾನ್ಸಿಸ್ ಪ್ರಯರ್ ಅನ್ನುವ ಪುರಾತತ್ವಜ್ಞರು ಕಾಲುವೆಯ ಅಂಚಿನಲ್ಲಿ ನಡೆಯುವಾಗ ಒಂದು ಮರದ ತುಂಡು ಎಡವಿದರಂತೆ. ಅಲ್ಲಿಂದ ಶುರು. ಜೌಗಿನ ಅಡ್ಡಕ್ಕೆ ಸುಮಾರು ಒಂದು ಕಿಲೋಮೀಟರ್ ಉದ್ದ ಐದು ಸಾಲು ಕಂಬ, ಒಟ್ಟು 60,000ದಷ್ಟು. ಕ್ರಿಸ್ತಪೂರ್ವ 1300ರ ಹೊತ್ತಿಗೆ ಶುರುಮಾಡಿ ಹತ್ತಿರ ಹತ್ತಿರ ನಾಲ್ಕು ನೂರು ವರ್ಷ ಹಳೆಯದು ಹೋದ ಹಾಗೆ ಹೊಸ ಕಂಬ ಹಾಕುತ್ತಾ ಬಂದಿದ್ದಾರೆ. ಅಲ್ಲಿ ಒಂದು ಕೋಣೆಯೊಳಗೆ ಮರಗಳನ್ನು ಸಿಕ್ಕ ಜಾಗದಲ್ಲೇ ಬಿಟ್ಟು, ನೀರು ಸಿಂಪಡಿಸುತ್ತಾ ತೋರಿಸುತ್ತಾರೆ. ಉಳಿದದ್ದು ಒಣಗದಿರಲಿ ಅಂತ ಮೇಲೆ ಕೆರೆಯನ್ನೇ ಕಟ್ಟಿದ್ದಾರೆ. ಅಗೆದು ತೆಗೆಯುವ ಬದಲು ನೀರು ತುಂಬಿಸಿ ಮುಚ್ಚಿಟ್ಟಿದ್ದಾರೆ. ಚಳಿಗಾಲದಲ್ಲಿ ಹೋಗುವವರು ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ.

ಆ ಕಂಬಗಳ ಪಕ್ಕ ಕತ್ತಿ, ಬಾಕು, ಸೂಜಿ, ಒಡವೆ ರಾಶಿ ಸಿಕ್ಕಿವೆ. ಹಲವನ್ನು ಬೇಕಂತಲೇ ಬಗ್ಗಿಸಿ, ಮುರಿದು ನೀರಿಗೆ ಹಾಕಿದ್ದಾರೆ. ನೀರಿಗೆ ಕೊಟ್ಟ ಕಾಣಿಕೆ ಅಂತ ಬಲ್ಲವರ ಮಾತು. ಅಲ್ಲಿ ಫಲಕದ ಮುಂದೆ ಒಬ್ಬರು ಒಳ್ಳೆ ಕತ್ತಿಯನ್ನು ಯಾಕೆ ಎಸೆದರೋ ಅಂತ ಆಶ್ಚರ್ಯಪಡುತ್ತಿದ್ದರು. ಗೊರೂರಿನಲ್ಲಿ ಹೇಮಾವತಿ ತುಂಬಿದಾಗ ಬಾಗಿನ ಬಿಡುವುದನ್ನು ನೋಡಿದ ನಮಗೆ ಅದೇನು ದೊಡ್ಡ ಒಗಟಲ್ಲ.

ಅಲ್ಲೇ ಹತ್ತಿರದ ವಿಟ್ಲ್‌ಸಿ ಊರಿನ ಕ್ವಾರಿಯಲ್ಲಿ 2015-16ರಲ್ಲಿ ಅಗೆದ ಮಸ್ಟ್ ಫಾರ್ಮ್ ಕಥೆ ಕೇಳಿ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ನಿಧಾನವಾಗಿ ಹರಿಯುವ ನದಿಯ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು. ಕ್ರಿಸ್ತಪೂರ್ವ 850ರ ಸುಮಾರಿಗೆ ಕಟ್ಟಿ ಒಂದು ವರ್ಷ ಆಗುವಷ್ಟರಲ್ಲೇ ಬೆಂಕಿ ಬಿತ್ತು. ಮನೆ ಸಮೇತ ಎಲ್ಲ ನದಿಗೆ ಬಿದ್ದು ಕೆಸರಿನಲ್ಲಿ ಹೂತುಹೋಯಿತು. ಬಟ್ಟೆ, ಬುಟ್ಟಿ, ಗಾಜಿನ ಮಣಿ, ಕೊಡಲಿಯ ಹಿಡಿ. ಒಂದು ಮಡಕೆಯಲ್ಲಿ ಗೋಧಿ ಗಂಜಿ, ಅದರೊಳಗೆ ಕೈಯಾಡಿಸುವ ಮರದ ಸೌಟು ಹಾಗೇ ಇತ್ತಂತೆ. ಒಲೆ ಮೇಲೆ ಗಂಜಿ ಬಿಟ್ಟು ಓಡಿದ ಆ ಹೆಂಗಸು ಏನಾದಳೋ ಅಂತ ಯೋಚಿಸುತ್ತಾ ಮಲಗಿದ್ದೆ.

ವಾಪಸ್ ಬರುವ ಹಿಂದಿನ ವಾರ ಮಗಳ ಗೆಳತಿಯ ಕಾರಿನಲ್ಲಿ ಹೋಮ್ ಫೆನ್ ಅನ್ನುವ ಕಾಡಿಗೆ ಹೋದೆವು. ಅಲ್ಲಿ ಒಂದು ಕಬ್ಬಿಣದ ಕಂಬ. ಪಕ್ಕದ ದೊಡ್ಡ ಕೆರೆಯ ನೀರು ಬಸಿದು ಒಣಗಿಸುವ ಕಾಲಕ್ಕೆ, 1851ರಲ್ಲಿ, ಕಂಬದ ತಲೆ ನೆಲಕ್ಕೆ ಸಮ ಇರುವ ಹಾಗೆ ಹೂತಿದ್ದರು. ಈಗ ಅದೇ ಕಂಬ ನಾಲ್ಕು ಮೀಟರ್ ಮೇಲೆ ನಿಂತಿದೆ. ಕಂಬ ಬೆಳೆದಿಲ್ಲ, ನೀರು ಹೋದ ಮೇಲೆ ಪೀಟ್ ಕುಗ್ಗಿ, ಗಾಳಿಗೆ ಕರಗಿ ನೆಲವೇ ಕೆಳಗಿಳಿದಿದೆ. ನಾನು ಕಂಬದ ಬುಡದಲ್ಲಿ ನಿಂತು ಕತ್ತು ಎತ್ತಿ ನೋಡಿದೆ. ನೆಲ ಒಂದು ಕಾಲಕ್ಕೆ ನನ್ನ ತಲೆಯ ಮೇಲೆ ಇನ್ನೊಂದಾಳು ಎತ್ತರದಲ್ಲಿತ್ತು. ಆ ಎತ್ತರದ ಮಣ್ಣಿನಲ್ಲಿ ಏನೇನು ಇತ್ತೋ, ಎಲ್ಲ ಅದರ ಜೊತೆ ಹೋಯಿತು. ಇಡೀ ಪ್ರಯಾಣದಲ್ಲಿ ದುಡ್ಡೂ ಕೊಡದೆ, ಕಾಯದೆಯೂ ನೋಡಿದ್ದು ಇದೊಂದೇ. ತಪ್ಪಿಸಬೇಡಿ.

ಎಲ್ಲ ಸೇರಿ ಒಂದೂಕಾಲು ಲಕ್ಷ ಆಯಿತು. ಮಗಳ ಮನೆಯಲ್ಲಿ ಉಳಿದಿದ್ದಕ್ಕೆ ಇಷ್ಟರಲ್ಲಿ ಮುಗಿಯಿತು.

ಊರಿಗೆ ಬಂದಾಗ ನಾಟಿ ಮುಗಿದಿತ್ತು, ಮಳೆ ಜೋರಾಗಿತ್ತು. ಅತ್ತೆಗೆ ಒಲೆ ಮುಂದೆ ಕೂರಿಸಿ ಎಲ್ಲ ಹೇಳಿದೆ. ನಾಲ್ಕು ನೂರು ವರ್ಷ ಒಂದೇ ಜಾಗದಲ್ಲಿ ಸಂಕ ಹಾಕಿದ್ದರಂತೆ ಅತ್ತೆ ಅಂದರೆ ಅವರಿಗೆ ಏನೂ ಆಶ್ಚರ್ಯ ಆಗಲಿಲ್ಲ. "ಮತ್ತೆ? ದಾರಿ ಇರುವಲ್ಲೇ ಅಲ್ವಾ ಹಾಕೋದು. ನಮ್ಮ ಹಳ್ಳದ ಸಂಕ ನಾ ಮದುವೆಯಾಗಿ ಬಂದಾಗಲೂ ಅಲ್ಲೇ ಇತ್ತು. ಮತ್ತಿ ಮರದ ಹಳೆ ಕಂಬ ಈಗಲೂ ನೀರಡಿಗೆ ಇದೆ, ಹೋಗಿ ನೋಡು."

ಮರುದಿನ ಕೊಡೆ ಹಿಡಿದು ಹಳ್ಳಕ್ಕೆ ಇಳಿದೆ. ಈ ಸಲ ಸೀರೆ ಎತ್ತಿ ಕಟ್ಟಿಕೊಂಡೇ ಹೋದೆ. ನೀರಿನ ಮೇಲಿನ ಭಾಗವನ್ನು ಗೆದ್ದಲು ಯಾವತ್ತೋ ಮುಗಿಸಿತ್ತು. ಕೆಳಗೆ ಕೈ ಹಾಕಿ ತಡವಿದೆ. ಕಂಬ ಸಿಕ್ಕಿತು, ಕಲ್ಲಿನ ಹಾಗೆ ಗಟ್ಟಿ. ಕೊಡಲಿ ಗುರುತು ಇದೆಯಾ ಅಂತ ಬೆರಳಾಡಿಸಿದೆ. ನನ್ನ ಸವೆದ ಬೆರಳಿಗೆ ಇದ್ದ ಹಾಗೂ ಅನಿಸಿತು, ಇಲ್ಲದ ಹಾಗೂ ಅನಿಸಿತು. ಮೇಲೆ ಬಂದು ನೋಡಿದರೆ ಕಾಲಿಗೆ ಎರಡು ಇಂಬಳ ಹತ್ತಿದ್ದವು.